ಗಡ್ಡೆಯ ವಿಷಯ ಬರೆಯಬೇಕೆ?

ಕಿಕ್ಕೇರಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಆರೋಗ್ಯ ವಿಮೆಯ ಅರ್ಜಿಯನ್ನು ತೊಡೆಯ ಮೇಲಿರಿಸಿಕೊಂಡು, ನನ್ನ ಹೆಸರು, ವಯಸ್ಸು, ತೂಕಗಳನ್ನೆಲ್ಲ ಉತ್ಸಾಹದಿಂದ ತುಂಬುತ್ತ ಬಂದ ಏಜೆಂಟ್ ಹುಡುಗನು, ಹಿಂದಿನ ಕಾಯಿಲೆಗಳ ಕಲಮಿಗೆ ಬಂದೊಡನೆ ಪೆನ್ನನ್ನು ತಡೆದು, ಒಳಗಿದ್ದ ಮಾವನವರಿಗೆ ಕೇಳಿಸದಂತೆ ದನಿ ತಗ್ಗಿಸಿ, “ಗಡ್ಡೆ ಇಸ್ಯ ಬ್ಯಾಡ ಕಣಕ್ಕ, ಇಲ್ಲ ಅಂತ ಹಾಕ್ಬುಡ್ತೀನಿ” ಎಂದನು.

ಗರ್ಭಕೋಶದಲ್ಲಿ ಎರಡು ಫೈಬ್ರಾಯ್ಡ್ ಗಡ್ಡೆಗಳಿವೆಯೆಂದೂ, ದೊಡ್ಡದು ನಾಲ್ಕು ಸೆಂಟಿಮೀಟರೆಂದೂ ಸಾರುವ ಮೈಸೂರಿನ ಸ್ಕ್ಯಾನಿಂಗ್ ವರದಿಯನ್ನು ನಾನು ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದೆ. ಅದು ಇವನ ಕಿವಿಗೆ ಹೇಗೆ ಬಿದ್ದಿತೆಂದು ಕೇಳಲಿಲ್ಲ, ಊರೆಂದರೆ ಊರೇ.

ಅವನ ಸಲಹೆಯನ್ನು ಧರ್ಮಾಧರ್ಮದ ವಿಚಾರಕ್ಕೆ ಒಯ್ಯದೆ ಬರಿಯ ಲೆಕ್ಕಕ್ಕೆ ಹಚ್ಚಿ ನೋಡಿದೆ. ಮೊದಲೇ ಇದ್ದ ರೋಗಕ್ಕೆ ಕಂಪನಿಗಳು ವಿಧಿಸಬಹುದಾದ ಕಾಯುವ ಅವಧಿಯ ಪರಮಾವಧಿ 2024ರ ಏಪ್ರಿಲಿನಿಂದ 48 ತಿಂಗಳಿಗೆ ಬದಲಾಗಿ 36 ತಿಂಗಳಾಗಿದೆ. ಆದರೆ ಆರೋಗ್ಯ ಸಂಜೀವನಿಯಂತಹ ಪಾಲಿಸಿಯಲ್ಲಿ, ಗಡ್ಡೆಯ ಸುಳಿವೇ ಇಲ್ಲದ ಹೆಂಗಸು ಕೂಡ ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ 24 ತಿಂಗಳು ಕಾಯತಕ್ಕದ್ದೇ. ಹಾಗಾದರೆ ಸುಳ್ಳಿನಿಂದ ನನಗೊದಗುವ ಲಾಭ ಹೆಚ್ಚೆಂದರೆ ಒಂದು ವರ್ಷ. ಅದಕ್ಕೆ ಪಣವಾಗಿ ಒಡ್ಡಬೇಕಾದುದೋ ಸಮಸ್ತ ಪಾಲಿಸಿ! ಮುಚ್ಚಿಟ್ಟುದು ಹೊರಬಿದ್ದರೆ ಕಂಪನಿಯು ಪಾಲಿಸಿಯನ್ನೇ ರದ್ದುಪಡಿಸಬಹುದು, ಆ ವೇಳೆಗೆ ನಾನು ಬಿದ್ದು ಕಾಲು ಮುರಿದುಕೊಂಡಿದ್ದರೂ ಕೇಳುವವರಿಲ್ಲ. 60 ತಿಂಗಳು ಸತತವಾಗಿ ಕಂತು ಕಟ್ಟಿದವರನ್ನು ಹಾಗೆ ಕೆದಕುವಂತಿಲ್ಲವೆಂಬ ನಿಯಮವುಂಟು. ವಂಚನೆ ರುಜುವಾತಾದಲ್ಲಿ ಆ ರಕ್ಷೆಯೂ ಇಲ್ಲ.

“ಇದೆ ಅಂತ್ಲೇ ಬರಿಯಪ್ಪ” ಎಂದೆ.

ಒಂದು ಕಂಪನಿ ಕಾರಣವನ್ನೂ ತಿಳಿಸದೆ ನಿರಾಕರಿಸಿತು. ಇನ್ನೊಂದು ಹೊಸ ಸ್ಕ್ಯಾನಿಂಗ್ ಕೇಳಿತು. ಕೃಷ್ಣರಾಜಪೇಟೆಯ ಮಾರ್ಗವಾಗಿ ಮತ್ತೆ ಮೈಸೂರು, ಮತ್ತೆ ಹೊಟ್ಟೆಯ ತುಂಬ ನೀರು ಕುಡಿದು ಸರದಿಗಾಗಿ ಕಾಯುವ ಯಾತನೆ. ಡೈರಿಗೆ ಹಾಲು ಹಾಕುವ ನೆರೆಮನೆಯವರು ಸಹಕಾರ ಸಂಘದ ಸದಸ್ಯರಾದುದರಿಂದ 500 ರೂಪಾಯಿಗೆ ನಾಲ್ವರ ಸಂಸಾರವನ್ನು ಯಶಸ್ವಿನಿ ಆರೋಗ್ಯ ಯೋಜನೆಗೆ ಸೇರಿಸಿ ನಿಶ್ಚಿಂತರಾಗಿದ್ದರು. ಹಸುವಿಲ್ಲದ ನಮಗೆ ಆ ಭಾಗ್ಯವಿರಲಿಲ್ಲ. ಕಡೆಗೆ, ಗಡ್ಡೆಗೆ 36 ತಿಂಗಳ ಕಾಯುವಿಕೆಯೆಂದು ಸ್ಪಷ್ಟವಾಗಿ ಅಚ್ಚಾದ ಪಾಲಿಸಿ ಬಂದಿತು.

ಅದನ್ನು ತಂದುಕೊಟ್ಟ ಹುಡುಗನು ಹೊರಡದೆ ಕಂಬಕ್ಕೊರಗಿ ನಿಂತನು. ಅವನ ತಾಯಿಗೂ ಇದೇ ತೊಂದರೆಯಂತೆ. ಅವರ ಅರ್ಜಿಯಲ್ಲಿ ತಾನೇ 'ಇಲ್ಲ' ಎಂದು ಬರೆದಿದ್ದನಂತೆ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಿ ಹೊಸದಾಗಿ ಬರೆದುಕೊಡಬಹುದೆಂದೂ, ಅದು ಮೀರಿದ್ದರೆ ನಿಜಸ್ಥಿತಿಯನ್ನು ಕಂಪನಿಗೆ ಪತ್ರಮುಖೇನ ತಿಳಿಸುವುದೇ ಮೇಲೆಂದೂ ಹೇಳಿದೆ. ಅವನು ಅಲ್ಲಿಯೇ ನಿಂತು ಬೆರಳು ಮಡಿಸಿ ದಿನಗಳನ್ನು ಎಣಿಸತೊಡಗಿದನು.