ತುರ್ತು ಸಿಸೇರಿಯನ್ ಹೆರಿಗೆ: ನಿರ್ಧಾರದಿಂದ ಜನನದವರೆಗಿನ ಕಾಲ

ಹೆರಿಗೆಯ ವೇಳೆ ತಾಯಿ ಅಥವಾ ಶಿಶುವಿನ ಪ್ರಾಣಕ್ಕೆ ಅಪಾಯ ಎದುರಾದಾಗ ಶಸ್ತ್ರಚಿಕಿತ್ಸೆ ದೊರೆತರಷ್ಟೇ ಸಾಲದು. ಅದು ಸಕಾಲದಲ್ಲಿ ದೊರೆಯಬೇಕು. ಸಿಸೇರಿಯನ್ ಅಗತ್ಯವೆಂದು ವೈದ್ಯರು ನಿರ್ಧರಿಸಿದ ಕ್ಷಣದಿಂದ ಶಿಶು ಜನಿಸುವವರೆಗಿನ ಅವಧಿಯನ್ನು ‘ನಿರ್ಧಾರ–ಜನನ ಅಂತರ’ ಎನ್ನಲಾಗುತ್ತದೆ.

ತುರ್ತು ಪ್ರಕರಣಗಳೆಲ್ಲವೂ ಒಂದೇ ಬಗೆಯವಲ್ಲ. ಹೊಕ್ಕುಳಬಳ್ಳಿ ಮೊದಲೇ ಜಾರಿ ಹೊರಬರುವುದು, ಗರ್ಭಕೋಶ ಹರಿಯುವುದು, ಮಾಸು ಅವಧಿಗೆ ಮುನ್ನ ಬೇರ್ಪಟ್ಟು ತೀವ್ರ ರಕ್ತಸ್ರಾವವಾಗುವುದು, ಶಿಶುವಿನ ಹೃದಯಬಡಿತ ಕುಸಿದು ಚೇತರಿಸದಿರುವುದು ಇವು ಮೊದಲನೆಯ ವರ್ಗದವು. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯು ಇವುಗಳಿಗೆ 30 ನಿಮಿಷಗಳ, ತಕ್ಷಣದ ಪ್ರಾಣಾಪಾಯವಿಲ್ಲದ ಎರಡನೆಯ ವರ್ಗಕ್ಕೆ 75 ನಿಮಿಷಗಳ ಮಿತಿಯನ್ನು ಸೂಚಿಸುತ್ತದೆ. 30 ನಿಮಿಷವೆಂಬುದು ಸುರಕ್ಷತೆಯ ಖಾತರಿಯಲ್ಲ, ಸೇವೆಯ ಅಳತೆಗೋಲು. ಹೊಕ್ಕುಳಬಳ್ಳಿ ಪೂರ್ಣವಾಗಿ ಒತ್ತಲ್ಪಟ್ಟರೆ ಅದಕ್ಕೂ ಮೊದಲೇ ಶಿಶುವಿನ ಮಿದುಳಿಗೆ ಹಾನಿಯಾಗಬಹುದು. ಆದರೆ ಆತುರದಲ್ಲಿ ಅರಿವಳಿಕೆಯ ಸುರಕ್ಷತಾ ಕ್ರಮಗಳನ್ನು ಕೈಬಿಡುವುದೂ ಅಪಾಯಕಾರಿ.

ಕಾಲಹರಣವು ಹೆಚ್ಚಾಗಿ ಶಸ್ತ್ರಚಿಕಿತ್ಸೆಗೆ ಮುನ್ನವೇ ಆಗುತ್ತದೆ: ಅರಿವಳಿಕೆ ತಜ್ಞರ ಬರುವಿಕೆ, ರಕ್ತದ ಹೊಂದಾಣಿಕೆ, ಸಮ್ಮತಿಪತ್ರ, ಕೊಠಡಿಯ ಸಿದ್ಧತೆ. ಇವುಗಳನ್ನು ಒಂದಾದ ಮೇಲೊಂದರಂತೆ ಮಾಡದೆ ಏಕಕಾಲದಲ್ಲಿ ಆರಂಭಿಸತಕ್ಕದ್ದು. ವಯಸ್ಕ ಗರ್ಭಿಣಿಯು ನಿರ್ಧರಿಸಬಲ್ಲ ಸ್ಥಿತಿಯಲ್ಲಿದ್ದರೆ ಆಕೆಯ ಸಮ್ಮತಿಯೇ ಸಾಕು. ಪತಿಯ ಸಹಿಗಾಗಿ ಕಾಯುವ ಅಗತ್ಯವಿಲ್ಲ.

ಗ್ರಾಮಾಂತರ ಪ್ರದೇಶಗಳಲ್ಲಿ ಪ್ರಯಾಣದ ಅವಧಿಯೂ ಇದರ ಜೊತೆಗೆ ಸೇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿಯರು ಹೆರಿಗೆಯ ಪ್ರಗತಿಯನ್ನು ಪಾರ್ಟೋಗ್ರಾಫ್‌ನಲ್ಲಿ ದಾಖಲಿಸುತ್ತಿದ್ದರೆ ತೊಡಕು ಬೇಗ ಗೋಚರಿಸುತ್ತದೆ. ಶಿಶುವಿನ ಹೃದಯಬಡಿತ ನಿಮಿಷಕ್ಕೆ 110ರಿಂದ 160ರ ವ್ಯಾಪ್ತಿಯ ಹೊರಗೆ ಉಳಿದರೆ ಕೂಡಲೇ ವೈದ್ಯರಿಗೆ ತಿಳಿಸುವುದು. 108 ವಾಹನವನ್ನು ಕರೆದೊಡನೆ, ಹೋಗಬೇಕಾದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು ಹಾಗೂ ರಕ್ತ ಲಭ್ಯವಿರುವುದನ್ನು ದೂರವಾಣಿಯಲ್ಲಿ ಖಚಿತಪಡಿಸಿಕೊಂಡು, ಗರ್ಭಿಣಿಯ ರಕ್ತದ ಗುಂಪನ್ನೂ ತಾಯಿ ಕಾರ್ಡ್ ನೋಡಿ ತಿಳಿಸತಕ್ಕದ್ದು. ಎಡಮಗ್ಗುಲಾಗಿ ಮಲಗಿಸಿ ಕರೆದೊಯ್ಯುವುದು. ಹೊಕ್ಕುಳಬಳ್ಳಿ ಜಾರಿದ್ದಲ್ಲಿ ಸೊಂಟದ ಭಾಗವನ್ನು ಎತ್ತರಿಸುವುದು. ಆಶಾ ಕಾರ್ಯಕರ್ತೆಯರು ವಾಹನ, ಆಸ್ಪತ್ರೆ ಮತ್ತು ರಕ್ತದಾನಿಗಳ ಬಗ್ಗೆ ಕುಟುಂಬದೊಡನೆ ಮುಂಚಿತವಾಗಿಯೇ ಮಾತನಾಡಿರಬೇಕು.

ಪ್ರತಿ ಪ್ರಕರಣದಲ್ಲಿ ನಿರ್ಧಾರ ಕೈಗೊಂಡ, ಕೊಠಡಿ ಪ್ರವೇಶಿಸಿದ, ಅರಿವಳಿಕೆ ನೀಡಿದ ಹಾಗೂ ಶಿಶು ಜನಿಸಿದ ನಾಲ್ಕು ವೇಳೆಗಳನ್ನು ವಹಿಯಲ್ಲಿ ನಮೂದಿಸತಕ್ಕದ್ದು. ಮಾಸಿಕ ಪರಿಶೀಲನೆಯಲ್ಲಿ ವಿಳಂಬದ ಹಂತವನ್ನು ಗುರುತಿಸಿ ಸರಿಪಡಿಸಬೇಕು. ದಾಖಲಾಗದ ವಿಳಂಬ ಮುಂದಿನ ತಾಯಿಯ ಪಾಲಿಗೂ ಹಾಗೆಯೇ ಉಳಿಯುತ್ತದೆ.