ರಾತ್ರಿಭೋಜನತ್ಯಾಗವೂ ನಿದ್ರಾನಿಯಮವೂ

ದರ್ಶನಾವರಣೀಯ ಕರ್ಮದ 9 ಪ್ರಕೃತಿಗಳಲ್ಲಿ 5 ನಿದ್ರೆಗೆ ಸಂಬಂಧಿಸಿದವು. ಆದುದರಿಂದ ಶ್ರಾವಕನು ನಿದ್ರೆಯ ಕಾಲವನ್ನೂ ಅರಿತಿರಬೇಕು.

ದೇಹದಲ್ಲಿ ಸುಮಾರು 24 ಗಂಟೆಗಳ ಗಡಿಯಾರವಿದೆ. ಅದರ ಕಾರ್ಯವಿಧಾನವನ್ನು ಶೋಧಿಸಿದ ಹಾಲ್, ರಾಸ್‌ಬಾಶ್, ಯಂಗ್ ಇವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕತ್ತಲಾದಂತೆ ಸ್ರವಿಸುವ ಮೆಲಟೋನಿನ್ ದೇಹಕ್ಕೆ ರಾತ್ರಿಯನ್ನು ಸೂಚಿಸುತ್ತದೆ. ಪ್ರಖರ ದೀಪವೂ ಮೊಬೈಲಿನ ಬೆಳಕೂ ಅದನ್ನು ತಗ್ಗಿಸುತ್ತವೆ.

ಮಿಜಾರಿನಲ್ಲಿ ಡಿಸೆಂಬರಿನ ಸೂರ್ಯನು 6 ಗಂಟೆ ಕಳೆದೊಡನೆ ಅಸ್ತಮಿಸುವನು. ಅದಕ್ಕೆ 2 ಘಳಿಗೆ, ಎಂದರೆ 48 ನಿಮಿಷ, ಮೊದಲೇ ಉಂಡ ಗೃಹಸ್ಥನು ಮಧ್ಯರಾತ್ರಿಯವರೆಗೆ ಎಚ್ಚರವಿದ್ದರೆ ಹಸಿವು ಕಾಡುವುದು ಸಹಜ. ವ್ರತವು ಸಡಿಲವಾಗುವುದು ಆ ಹೊತ್ತಿನಲ್ಲಿಯೇ. ಸಂಜೆಯ ಸಾಮಾಯಿಕದ ಬಳಿಕ ದೀಪಗಳನ್ನು ತಗ್ಗಿಸಿ, 9ಕ್ಕೆ ಮಲಗಿ, ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು ಶ್ರೇಯಸ್ಕರ. ಹದಿಹರೆಯದವರಿಗೆ ನಿದ್ರೆ ಸ್ವಭಾವತಃ ತಡವಾಗಿ ಬರುವುದು. ಅವರನ್ನು ಗದರಿಸದೆ, ಕ್ರಮೇಣ ಅಭ್ಯಾಸ ಮಾಡಿಸಬೇಕು.