ಪಾದ ಮತ್ತು ಹರಡಿನ ಸಾಮಾನ್ಯ ತೊಂದರೆಗಳು: ಗ್ರಾಮ ಪಂಚಾಯಿತಿ ಸದಸ್ಯರಿಗೊಂದು ಅಧ್ಯಯನ ಪಾಠ



ಗ್ರಾಮ ಸಭೆಗಳಲ್ಲಿ ರಸ್ತೆ, ಚರಂಡಿಗಳ ಕುರಿತು ಗಂಟೆಗಟ್ಟಲೆ ಚರ್ಚಿಸುವ ನಾವು, ಆ ರಸ್ತೆಯಲ್ಲಿ ನಡೆಯುವ ಕಾಲುಗಳ ಕುರಿತು ಮಾತನಾಡುವುದು ವಿರಳ. ಕೂಲಿಕಾರರು, ಸ್ವಚ್ಛತಾಗಾರರು, ಕುರಿಗಾಹಿಗಳು, ಮನೆಮನೆಗೆ ತೆರಳುವ ಆಶಾ ಕಾರ್ಯಕರ್ತೆಯರು, ಇವರೆಲ್ಲರ ದುಡಿಮೆಗೆ ಕಾಲೇ ಬಂಡವಾಳ.

ನಾನು ಕಾರ್ಯನಿರ್ವಹಿಸುವ ಪಂಚಾಯಿತಿಯ ನೀರುಗಂಟಿಯೊಬ್ಬರ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿತ್ತು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದ್ದ ಅವರಿಗೆ ನೋವೇ ತಿಳಿಯಲಿಲ್ಲ. ಹನ್ನೆರಡು ದಿನ ಎಂದಿನಂತೆ ವಾಲ್ವ್ ತಿರುಗಿಸಿ ನೀರು ಬಿಟ್ಟರು. ಹಾಜರಾತಿಯಲ್ಲಿ ಒಂದು ದಿನದ ರಜೆಯೂ ಇಲ್ಲದಿರುವುದನ್ನು ಕಂಡು ನಾನು ಮೆಚ್ಚಿ ಸಹಿ ಹಾಕಿದ್ದೆ. ಆಸ್ಪತ್ರೆಗೆ ಹೋಗುವ ವೇಳೆಗೆ ಸೋಂಕು ಮೂಳೆಯನ್ನು ಮುಟ್ಟಿತ್ತು. ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಈ ಪಾಠವನ್ನು ಬರೆಯಲು ಆ ಸಹಿಯೇ ಕಾರಣ.

1. ಪಾದದ ರಚನೆ

ಒಂದು ಪಾದದಲ್ಲಿ 26 ಮೂಳೆಗಳಿವೆ. ಎರಡೂ ಪಾದಗಳ 52 ಮೂಳೆಗಳೆಂದರೆ ದೇಹದ ಒಟ್ಟು 206 ಮೂಳೆಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ. ಇವು ಕಲ್ಲಿನ ಕಮಾನು ಸೇತುವೆಯಂತೆ ಜೋಡಣೆಗೊಂಡು ದೇಹದ ಭಾರವನ್ನು ಹಿಮ್ಮಡಿಗೂ ಬೆರಳುಗಳ ಬುಡಕ್ಕೂ ಹಂಚುತ್ತವೆ. ಕಮಾನಿನ ಎರಡು ತುದಿಗಳು ಅಗಲವಾಗದಂತೆ ಅಂಗಾಲಿನ ದಪ್ಪ ನಾರುಪಟ್ಟಿಯೊಂದು ಎಳೆದು ಹಿಡಿದಿರುತ್ತದೆ. ಪಾದವು ಕಾಲಿಗೆ ಸೇರುವ ಕೀಲೇ ಹರಡು.

2. ಹರಡಿನ ಉಳುಕು

ಬದುವಿನ ಮೇಲೆ ಅಥವಾ ತಗ್ಗಿನಲ್ಲಿ ಕಾಲಿಟ್ಟಾಗ ಪಾದ ಒಳಮಗ್ಗುಲಿಗೆ ಹೊರಳಿ, ಹರಡಿನ ಹೊರಬದಿಯ ನಾರುಗಳು ಹಿಗ್ಗುವುದು ಅಥವಾ ಹರಿಯುವುದೇ ಉಳುಕು. ಮೊದಲ ಎರಡು ದಿನ ಪಾಲಿಸಬೇಕಾದ ಕ್ರಮ ಇಂತಿದೆ: ಕಾಲಿಗೆ ವಿಶ್ರಾಂತಿ ನೀಡುವುದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಮ್ಮೆಗೆ 15ರಿಂದ 20 ನಿಮಿಷ ಇಡುವುದು, ಬೆರಳುಗಳ ಕಡೆಯಿಂದ ಮೇಲಕ್ಕೆ ಕ್ರೇಪ್ ಬ್ಯಾಂಡೇಜ್ ಸುತ್ತುವುದು, ಮಲಗಿದಾಗ ದಿಂಬಿನ ಮೇಲೆ ಕಾಲನ್ನು ಎತ್ತರಿಸಿಡುವುದು. ಈ ಅವಧಿಯಲ್ಲಿ ಬಿಸಿ ಶಾಖ ಕೊಡುವುದಾಗಲಿ, ಎಣ್ಣೆ ಹಚ್ಚಿ ಬಲವಾಗಿ ನೀವುವುದಾಗಲಿ ಊತವನ್ನು ಹೆಚ್ಚಿಸುತ್ತದೆ.

ಊರಿ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಹರಡಿನ ಎರಡು ಪಕ್ಕದ ಮೂಳೆಗಳ ಹಿಂಬದಿಯನ್ನು ಒತ್ತಿದಾಗ ತೀವ್ರ ನೋವಾದರೆ, ಮೂಳೆ ಮುರಿದಿರಬಹುದು, ಎಕ್ಸ್-ರೇ ಮಾಡಿಸಲೇಬೇಕು. ನಾಟಿ ಪದ್ಧತಿಯಲ್ಲಿ ಬಿದಿರು ದಬ್ಬೆ ಕಟ್ಟಿಸುವ ರೂಢಿ ನಮ್ಮಲ್ಲಿದೆ. ಯಾವುದೇ ಕಟ್ಟಾಗಲಿ, ಬೆರಳುಗಳು ತಣ್ಣಗಾದರೆ, ನೀಲಿಗಟ್ಟಿದರೆ ಅಥವಾ ಮರಗಟ್ಟಿದರೆ ಒಡನೆಯೇ ಸಡಿಲಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ತಡವಾದರೆ ಕಾಲೇ ಹೋಗಬಹುದು.

3. ಹಿಮ್ಮಡಿ ನೋವು

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಯಲ್ಲೇ ಹಿಮ್ಮಡಿ ಚುಚ್ಚಿದಂತಾಗಿ, ನಡೆದಂತೆ ಕಡಿಮೆಯಾಗುವ ನೋವು ಬಹುತೇಕ ಮೇಲೆ ಹೇಳಿದ ನಾರುಪಟ್ಟಿಯದು. ಹೆಚ್ಚು ಹೊತ್ತು ನಿಲ್ಲುವವರಲ್ಲಿ, ತೂಕ ಹೆಚ್ಚಿರುವವರಲ್ಲಿ, ತೆಳು ಅಟ್ಟೆಯ ಚಪ್ಪಲಿ ಧರಿಸುವವರಲ್ಲಿ ಇದು ಸಾಮಾನ್ಯ. ಗೋಡೆಗೆ ಕೈಯೂರಿ ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮ, ಅಂಗಾಲಿನ ಕೆಳಗೆ ಬಾಟಲಿಯೊಂದನ್ನು ಉರುಳಿಸುವುದು, ಮೆತ್ತನೆಯ ಅಟ್ಟೆಯ ಪಾದರಕ್ಷೆ, ಇವುಗಳಿಂದ ಬಹುಪಾಲು ಜನರು ಕೆಲವು ತಿಂಗಳುಗಳಲ್ಲಿ ಗುಣಮುಖರಾಗುತ್ತಾರೆ. ತಾಳ್ಮೆ ಅಗತ್ಯ, ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ದಿನವೂ ನುಂಗುವುದು ಮೂತ್ರಪಿಂಡಕ್ಕೆ ಹಾನಿಕರ.

4. ಚರ್ಮದ ತೊಂದರೆಗಳು

ಹಿಮ್ಮಡಿ ಒಡಕಿಗೆ ಪಾದವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮೃದುವಾಗಿ ಉಜ್ಜಿ, ಒರೆಸಿ, ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ರಾತ್ರಿ ಕಾಲುಚೀಲ ಧರಿಸಿದರೆ ಸಾಕು. ಆಣಿಯನ್ನು ಬ್ಲೇಡಿನಿಂದ ಕೊರೆಯುವುದು ಅಪಾಯಕಾರಿ. ಆಣಿಗೆ ಕಾರಣ ಒಂದೇ ಜಾಗದ ಮೇಲಿನ ಒತ್ತಡ. ಚಪ್ಪಲಿ ಬದಲಿಸದೆ ಆಣಿಯನ್ನು ಮಾತ್ರ ತೆಗೆದರೆ ಅದು ಮರಳಿ ಬರುತ್ತದೆ.

ಗದ್ದೆಯಲ್ಲಿ, ಚರಂಡಿಯಲ್ಲಿ ದುಡಿಯುವವರ ಬೆರಳ ಸಂದಿಯ ಚರ್ಮ ಬಿಳಿಯಾಗಿ ಬಿರಿದು ತುರಿಸುವುದು ಹೆಚ್ಚಾಗಿ ಶಿಲೀಂಧ್ರದ ಸೋಂಕು. ಪಾದ ತೊಳೆದ ಬಳಿಕ ಸಂದಿಗಳನ್ನು ಒಣಗಿಸುವುದೇ ಮೊದಲ ಔಷಧ. ವೈದ್ಯರು ನೀಡಿದ ಮುಲಾಮನ್ನು ತುರಿಕೆ ನಿಂತ ಕೂಡಲೇ ಬಿಡದೆ, ಹೇಳಿದಷ್ಟು ದಿನ ಹಚ್ಚಬೇಕು. ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮಿಶ್ರಿತ ಮುಲಾಮು ತುರಿಕೆಯನ್ನು ಅಡಗಿಸಿ ಸೋಂಕನ್ನು ಬೆಳೆಸುತ್ತದೆ.

ಮೊಳೆ ಅಥವಾ ಮುಳ್ಳು ಚುಚ್ಚಿದಾಗ ಗಾಯವನ್ನು ಸೋಪು ನೀರಿನಿಂದ ತೊಳೆದು, ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಅಗತ್ಯದ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.

5. ನೋವಿಲ್ಲದ ಗಾಯ

ಎಲ್ಲಕ್ಕಿಂತ ಅಪಾಯಕಾರಿ ಗಾಯ ನೋವು ಕೊಡದ ಗಾಯ. ಸಕ್ಕರೆ ಕಾಯಿಲೆಯೂ ಕುಷ್ಠರೋಗವೂ ನರಗಳನ್ನು ಹಾನಿಗೊಳಿಸಿ ಪಾದದ ಸ್ಪರ್ಶಜ್ಞಾನವನ್ನು ಕಸಿಯುತ್ತವೆ. ಇಂತಹವರು ಪ್ರತಿದಿನ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಅಥವಾ ಮನೆಯವರಿಂದ ನೋಡಿಸಿಕೊಳ್ಳಬೇಕು. ಬರಿಗಾಲಿನಲ್ಲಿ ಮನೆಯೊಳಗೂ ನಡೆಯಬಾರದು. ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕಲ್ಲು, ಮುಳ್ಳು ಇದೆಯೇ ಎಂದು ಕೈಯಾಡಿಸಿ ನೋಡಬೇಕು. ಬಿಸಿನೀರನ್ನು ಪಾದದಿಂದಲ್ಲ, ಮೊಣಕೈಯಿಂದ ಪರೀಕ್ಷಿಸಬೇಕು. ಗುಳ್ಳೆ, ಕೆಂಪು, ದುರ್ವಾಸನೆ, ಬಣ್ಣ ಬದಲಾವಣೆ ಕಂಡರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು.

ಸ್ಪರ್ಶವಿಲ್ಲದ ಮಚ್ಚೆಗಳು ಮೈಮೇಲಿದ್ದರೆ ಕುಷ್ಠರೋಗದ ತಪಾಸಣೆ ಮಾಡಿಸಬೇಕು. ಇದರ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಪಾದದ ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳಿಗೆ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿಗಳನ್ನೂ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಡಿ ನೀಡಲಾಗುತ್ತದೆ.

6. ಪಂಚಾಯಿತಿಯ ಕರ್ತವ್ಯ

ಅ) ಕಾಮಗಾರಿ ಸ್ಥಳದ ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನು ತೆರೆದು ನೋಡಿರಿ. ಕ್ರೇಪ್ ಬ್ಯಾಂಡೇಜ್, ಹತ್ತಿ, ನಂಜುನಿರೋಧಕ ದ್ರಾವಣ ಇವೆಯೇ, ಅವಧಿ ಮೀರಿಲ್ಲವೇ ಎಂಬುದನ್ನು ಖಚಿತಪಡಿಸಿಕೊಳ್ಳಿರಿ.

ಆ) ಸ್ವಚ್ಛತಾಗಾರರಿಗೆ ನೀಡುವ ಗಂಬೂಟುಗಳು ಅವರವರ ಅಳತೆಯವೇ ಎಂದು ಕೇಳಿರಿ. ಒಂದೇ ಅಳತೆಯಲ್ಲಿ ಖರೀದಿಸಿದ ಬೂಟು ಮೂಲೆ ಸೇರುತ್ತದೆ, ಇಲ್ಲವೇ ಕಾಲನ್ನು ಹುಣ್ಣಾಗಿಸುತ್ತದೆ.

ಇ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಸಕ್ಕರೆ ಕಾಯಿಲೆ ಇರುವವರ ಪಾದ ತಪಾಸಣೆಯನ್ನು ವಿಷಯಸೂಚಿಗೆ ಸೇರಿಸಿರಿ. ರೋಗಿಗಳ ಹೆಸರನ್ನು ಬಹಿರಂಗವಾಗಿ ಓದಬೇಡಿರಿ.

ಈ) ಬಯಲು ಶೌಚದಿಂದ ಮಲಿನವಾದ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಡೆಯುವ ಮಕ್ಕಳ ಪಾದದ ಚರ್ಮದ ಮೂಲಕವೇ ಕೊಕ್ಕೆಹುಳು ದೇಹವನ್ನು ಸೇರಿ ರಕ್ತಹೀನತೆ ತರುತ್ತದೆ. ಶೌಚಾಲಯದ ಬಳಕೆಯೂ ಪಾದರಕ್ಷೆಯೂ ಒಂದೇ ಕಾರ್ಯದ ಎರಡು ಭಾಗಗಳೆಂದು ತಿಳಿಸಿರಿ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯಿದ್ದು ಒಂಟಿಯಾಗಿ ವಾಸಿಸುವ ಹಿರಿಯರ ಪಾದವನ್ನು ದಿನವೂ ನೋಡುವವರು ಯಾರು?

2. ನಿಮ್ಮ ಪಂಚಾಯಿತಿಯಲ್ಲಿ ಕಳೆದ ಬಾರಿ ಗಂಬೂಟು ಖರೀದಿಸುವಾಗ ಅಳತೆ ಕೇಳಲಾಗಿತ್ತೇ?

3. ಉಳುಕಿದ ಕಾಲಿಗೆ ಎಕ್ಸ್-ರೇ ಮಾಡುವ ಸಮೀಪದ ಸರ್ಕಾರಿ ಆಸ್ಪತ್ರೆ ಎಷ್ಟು ದೂರದಲ್ಲಿದೆ?

ನಮ್ಮ ನೀರುಗಂಟಿಯವರು ಈಗ ಪಾದ ಪೂರ್ತಿ ಮುಚ್ಚುವ ಪಾದರಕ್ಷೆ ಧರಿಸಿ ಕೆಲಸಕ್ಕೆ ಮರಳಿದ್ದಾರೆ. ಹಾಜರಾತಿಗೆ ಸಹಿ ಹಾಕುವ ಮುನ್ನ ನಾನು ಅವರನ್ನು, "ಕಾಲು ನೋಡಿಕೊಂಡಿರಾ?" ಎಂದು ಕೇಳುತ್ತೇನೆ. ತಾವೂ ತಮ್ಮ ವಾರ್ಡಿನಲ್ಲಿ ಈ ಪ್ರಶ್ನೆಯನ್ನು ಕೇಳಬೇಕೆಂದು ವಿನಂತಿಸುತ್ತೇನೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ